ಕೋಹಾ, ಸೋಲ್, ಇ-ಗ್ರಂಥಾಲಯ: ನಿಮ್ಮ ಲೈಬ್ರರಿಗೆ ಯಾವುದು ಸರಿ?

ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರಲು ಆರೇಳು ತಿಂಗಳಿದೆ ಅನ್ನುವಾಗ ನನಗೆ ಫೋನ್‌ಗಳು ಶುರುವಾಗುತ್ತವೆ. "ಸರ್, ಯಾವ ಸಾಫ್ಟ್‌ವೇರ್ ಹಾಕಿಸೋದು? ಪ್ರಿನ್ಸಿಪಾಲರು ನಾಳೆ ಸಂಜೆಯೊಳಗೆ ಹೆಸರು ಕೊಡಿ ಅಂತಿದ್ದಾರೆ." ಪುಸ್ತಕದ ಪಟ್ಟಿ, ಇಶ್ಯೂ-ರಿಟರ್ನ್ ನೋಡಿಕೊಳ್ಳುವ ಲೈಬ್ರರಿ ಸಾಫ್ಟ್‌ವೇರ್ ಬಗ್ಗೆ ಹೀಗೆ ಕೇಳುವವರು ಹೆಚ್ಚಾಗಿ ತಾಲ್ಲೂಕು ಊರಿನ ಡಿಗ್ರಿ ಕಾಲೇಜಿನ ಗ್ರಂಥಪಾಲಕರು. ಹತ್ತು-ಹದಿನೈದು ಸಾವಿರ ಪುಸ್ತಕ, ಒಬ್ಬ ಅಟೆಂಡರ್, ಎರಡು ಕಂಪ್ಯೂಟರ್. ಅದರಲ್ಲೊಂದು ಆಫೀಸಿನವರು ಹಳತಾಯಿತು ಅಂತ ಬಿಟ್ಟುಕೊಟ್ಟದ್ದು. ನ್ಯಾಕ್ ಫಾರಂನಲ್ಲಿ ಸಾಫ್ಟ್‌ವೇರ್ ಹೆಸರು, ಆವೃತ್ತಿ, ಯಾವ ವರ್ಷ ಹಾಕಿದ್ದು, ಕೆಲಸ ಪೂರ್ತಿ ಕಂಪ್ಯೂಟರಿನಲ್ಲಾ ಅರ್ಧಂಬರ್ಧನಾ ಅಂತ ಕೇಳುತ್ತಾ ಬಂದಿದ್ದಾರೆ. ಆ ಖಾನೆಗಳನ್ನು ತುಂಬಿಸಲು ಯಾವ ಸಾಫ್ಟ್‌ವೇರ್ ಆದರೂ ಸಾಕು. ತಂಡ ಹೋದ ಮೇಲೆ ಹತ್ತು ವರ್ಷ ಅದರ ಜೊತೆ ಏಗಬೇಕಾದವರು ಮಾತ್ರ ನೀವೇ.

ನಮ್ಮ ಕಾಲೇಜಿನ ಕಥೆ ಮೊದಲು ಹೇಳಿಬಿಡುತ್ತೇನೆ. ಹಿಂದೆ ಒಂದು ಖಾಸಗಿ ಕಂಪನಿಯ ಸಾಫ್ಟ್‌ವೇರ್ ಕೊಂಡಿದ್ದೆವು. ನೋಡಲು ಚೆಂದ, ಇಶ್ಯೂ-ರಿಟರ್ನ್ ಕೂಡ ಚುರುಕು. ಐದಾರು ವರ್ಷ ಎಎಂಸಿ (ವಾರ್ಷಿಕ ನಿರ್ವಹಣೆಯ ದುಡ್ಡು) ಕಟ್ಟಿದೆವು. ಆಮೇಲೆ ಒಂದು ವರ್ಷ ಫೋನ್ ಎತ್ತುವವರೇ ಇಲ್ಲ. ಕಂಪ್ಯೂಟರ್ ಬದಲಾಯಿತು, ವಿಂಡೋಸ್ ಬದಲಾಯಿತು, ಸಾಫ್ಟ್‌ವೇರ್ ತೆರೆಯಲೇ ಇಲ್ಲ. 11 ಸಾವಿರ ಪುಸ್ತಕಗಳ ವಿವರ ಒಂದು ಫೈಲಿನಲ್ಲಿ ಭದ್ರವಾಗಿತ್ತು. ಎಷ್ಟು ಭದ್ರ ಅಂದರೆ ನಮಗೂ ತೆಗೆಯಲಾಗಲಿಲ್ಲ. ಬಂದ ಪುಸ್ತಕಕ್ಕೆಲ್ಲ ನಂಬರ್ ಹಾಕಿ ಬರೆದಿಡುವ ಅಕ್ಸೆಷನ್ ರಿಜಿಸ್ಟರ್ ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು. ಎರಡು ಬೇಸಿಗೆ ರಜೆ ಅದಕ್ಕೇ ಹೋಯಿತು.

ಅಂದಿನಿಂದ ಯಾರು ಏನೇ ತೋರಿಸಿದರೂ ನಾನು ಕೇಳುವುದು ಎರಡೇ ಪ್ರಶ್ನೆ. ಒಳಗೆ ಹಾಕಿದ ಡೇಟಾ ಪೂರ್ತಿ ಹೊರಗೆ ಬರುತ್ತಾ? ಬೆಳಿಗ್ಗೆ ಹತ್ತಕ್ಕೆ ಕೌಂಟರ್ ಮುಂದೆ ಹುಡುಗರು ನಿಂತಿರುವಾಗ ಅದು ಕೈಕೊಟ್ಟರೆ ಎಬ್ಬಿಸುವವರು ಯಾರು? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಪರದೆ ಎಷ್ಟು ಚೆನ್ನಾಗಿದೆ, ಎಷ್ಟು ಥರದ ರಿಪೋರ್ಟ್ ಬರುತ್ತೆ ಅನ್ನುವುದನ್ನು ಮಾರುವವರೇ ಹೇಳುತ್ತಾರೆ, ಬಿಡಿ.

ದುಡ್ಡಿಲ್ಲದ್ದೆಲ್ಲ ಮುಕ್ತವಲ್ಲ

ಇಲ್ಲೊಂದು ಗೊಂದಲ ಬಗೆಹರಿಯಬೇಕು. ದುಡ್ಡು ಕೊಡದೆ ಸಿಗುವುದು ಉಚಿತ ಸಾಫ್ಟ್‌ವೇರ್. ಮೂಲ ಸಂಕೇತವನ್ನೇ (ಸೋರ್ಸ್ ಕೋಡ್) ಕೊಟ್ಟು, ತೆರೆದು ನೋಡಿ, ಬದಲಾಯಿಸಿ, ಇನ್ನೊಬ್ಬರಿಗೂ ಕೊಡಿ ಅನ್ನುವುದು ಓಪನ್ ಸೋರ್ಸ್. ಕೋಹಾ, ನ್ಯೂಜೆನ್‌ಲಿಬ್, ಡಿಸ್ಪೇಸ್ ಈ ಜಾತಿಯವು. ಸೋಲ್ ಮತ್ತು ಇ-ಗ್ರಂಥಾಲಯ ಸರ್ಕಾರಿ ಸಂಸ್ಥೆಗಳು ಮಾಡಿದ್ದು ನಿಜ, ಆದರೆ ಓಪನ್ ಸೋರ್ಸ್ ಅಲ್ಲ. ಹಾಗಂತ ಅವು ಕೆಟ್ಟವು ಅಂತಲ್ಲ. ಅಲ್ಲಿ ರಿಪೇರಿಗೆ ಮಾಡಿದವರನ್ನೇ ಕಾಯಬೇಕು, ಅಷ್ಟೇ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ತೊಂಬತ್ತರ ದಶಕದಲ್ಲಿ ಯುನೆಸ್ಕೋದ ಸಿಡಿಎಸ್-ಐಸಿಸ್ ಅನ್ನುವ ಪುಸ್ತಕಪಟ್ಟಿಯ ಸಾಫ್ಟ್‌ವೇರ್ ಕಲಿತವರು ಈಗಲೂ ಅದನ್ನು ನೆನೆಸಿಕೊಳ್ಳುತ್ತಾರೆ. ಅದು ಕೂಡ ದುಡ್ಡಿಲ್ಲದೆ ಸಿಕ್ಕಿದ್ದೇ. ಅದರ ದಾಖಲೆಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸಲು ಒಪ್ಪಿಕೊಂಡ ಐಎಸ್ಒ 2709 ರೂಪದಲ್ಲಿ ಹೊರಗೆ ತೆಗೆಯಬಹುದಿತ್ತು. ಹಾಗಾಗಿ ಅಂದು ತುಂಬಿಸಿದ ಡೇಟಾವನ್ನು, ಸ್ವಲ್ಪ ತಿದ್ದಿ, ಇಂದಿನ ಕೋಹಾಗೆ ತರಲು ಆಗುತ್ತೆ. ನಮ್ಮ ಆ ಚೆಂದದ ಸಾಫ್ಟ್‌ವೇರ್‌ನಲ್ಲಿ ಆಗದೇ ಹೋದದ್ದು ಇದೇ.

ಕೋಹಾ

ನ್ಯೂಜಿಲೆಂಡಿನ ಹೊರೊಫೆನುವಾ ಅನ್ನುವ ಕಡೆಯ ಸಾರ್ವಜನಿಕ ಲೈಬ್ರರಿಗಳ ಹಳೆಯ ಸಾಫ್ಟ್‌ವೇರ್ ಇಸವಿ 2000 ಬಂದಾಗ ದಿನಾಂಕ ತಪ್ಪುವ ವೈ2ಕೆ ತೊಂದರೆ ದಾಟುವ ಹಾಗಿರಲಿಲ್ಲ. ಕಟಿಪೋ ಅನ್ನುವ ಸಣ್ಣ ಕಂಪನಿಯಿಂದ ಹೊಸದನ್ನು ಬರೆಸಿದರು. 2000ದ ಜನವರಿಯಲ್ಲಿ ಬಳಕೆಗೆ ಬಂತು. ಬರೆದದ್ದನ್ನು ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಸುಮ್ನೆ ತಗೊಂಡು ಹೋಗುವ ಉಡುಗೊರೆಯಲ್ಲ, ನಮ್ಮ ಕಡೆಯ ಮುಯ್ಯಿಯ ಹಾಗೆ ತಿರುಗಿ ಏನಾದರೂ ಕೊಡುವುದೂ ಅದರಲ್ಲಿ ಸೇರಿದೆ.

ಇವತ್ತು ಅದು ಮೇ ಮತ್ತು ನವೆಂಬರ್ ತಿಂಗಳಿಗೊಂದು ಹೊಸ ಆವೃತ್ತಿ ಬಿಡುತ್ತದೆ. ಆವೃತ್ತಿಯ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತೆ: 23.11 ಅಂದರೆ 2023ರ ನವೆಂಬರ್‌ನದ್ದು. ಹೊಸ ಪುಸ್ತಕದ ಆರ್ಡರ್‌ನಿಂದ ನೋ ಡ್ಯೂ ತನಕ ಎಲ್ಲ ಕೆಲಸ ಬ್ರೌಸರಿನಲ್ಲೇ. ಓದುಗರು ತಾವೇ ಪುಸ್ತಕ ಹುಡುಕುವ ಓಪ್ಯಾಕ್ ಜೊತೆಗೇ ಬರುತ್ತೆ. ಇಂಗ್ಲಿಷ್ ಪಠ್ಯಪುಸ್ತಕದ ಐಎಸ್‌ಬಿಎನ್ ಹೊಡೆದರೆ ಲೈಬ್ರರಿಗಳ ನಡುವೆ ವಿವರ ತರಿಸುವ ಝಡ್39.50 ಅನ್ನುವ ವ್ಯವಸ್ಥೆಯ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಕಡೆಯಿಂದ ವಿವರವೆಲ್ಲ ತಾನೇ ಬಂದು ಕೂರುತ್ತೆ. ಮೊದಲ ಸಲ ನೋಡಿದಾಗ ನಮ್ಮ ಅಟೆಂಡರ್ "ಇದೇನ್ ಸರ್, ಮಾಟ ಇದ್ದಂಗಿದೆ" ಅಂದಿದ್ದರು.

ಕಷ್ಟ ಇರುವುದು ಹಾಕುವಾಗ ಮತ್ತು ನೋಡಿಕೊಳ್ಳುವಾಗ. ಕೋಹಾ ನಿಲ್ಲುವುದು ಲಿನಕ್ಸ್ ಮೇಲೆ, ಡೆಬಿಯನ್ ಅಥವಾ ಉಬುಂಟು. ಸರ್ವರ್‌ಗೆ ಮಾತ್ರ ಲಿನಕ್ಸ್ ಬೇಕು, ಕೌಂಟರಿನ ಕಂಪ್ಯೂಟರ್ ವಿಂಡೋಸ್ ಇದ್ದರೂ ನಡೆಯುತ್ತೆ. ಈ ಮಾತು ಕೇಳಿದಾಗಲೇ ಎಷ್ಟೋ ಜನರ ಮುಖ ಅರಳುತ್ತದೆ. ಹಾಗಿದ್ದರೂ ಸರ್ವರಿನ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡುವುದು ತಪ್ಪಿದ್ದಲ್ಲ. ದಿನಾ ಬೇಕಾಗುವ ಆಜ್ಞೆಗಳು ಹತ್ತೋ ಹನ್ನೆರಡೋ. ನಮ್ಮಷ್ಟು ದೊಡ್ಡ ಲೈಬ್ರರಿಗೆ ದುಬಾರಿ ಯಂತ್ರವೂ ಬೇಡ. 8 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಆರಾಮಾಗಿ ಓಡಿಸುತ್ತದೆ. ಯುಪಿಎಸ್ ಮಾತ್ರ ಒಳ್ಳೆಯದಿರಲಿ. ಡೇಟಾಬೇಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾಳಾಗುವುದು ಅಲ್ಲೇ.

ಸೋಲ್ ಮತ್ತು ಇ-ಗ್ರಂಥಾಲಯ

ಸೋಲ್ ಮಾಡಿದ್ದು ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಯುಜಿಸಿಯ ಸಂಸ್ಥೆ. 2009ರಲ್ಲಿ ಎರಡನೇ ಆವೃತ್ತಿ, 2021ರಲ್ಲಿ ಮೂರನೆಯದು. ವಿಂಡೋಸ್ ಬಿಟ್ಟು ಹೊರಗೆ ಕಾಲಿಡದವರಿಗೆ ಇದು ತವರುಮನೆಯಂತೆ. ತರಬೇತಿ ಕೊಡುತ್ತಾರೆ, ನಮ್ಮ ಕಾಲೇಜುಗಳ ರಿಪೋರ್ಟ್‌ಗಳು ಹೇಗಿರಬೇಕು ಅಂತ ಅವರಿಗೆ ಗೊತ್ತು. ಲೈಬ್ರರಿಗಳೆಲ್ಲ ಬಳಸುವ ಮಾರ್ಕ್21 ಅನ್ನುವ ದಾಖಲೆಯ ರೂಪದಲ್ಲಿ ಡೇಟಾ ಹೊರಗೆ ಬರುತ್ತೆ. ಹಾಗಾಗಿ ನನ್ನ ಮೊದಲ ಪ್ರಶ್ನೆಯಲ್ಲಿ ಪಾಸು. ದುಡ್ಡು ಕೊಡಬೇಕು, ಮೂಲ ಸಂಕೇತ ಸಿಗುವುದಿಲ್ಲ. ಲಿನಕ್ಸ್ ಕಲಿಯಲು ಮನಸ್ಸಿಲ್ಲ, ಹೊರಗಿನವರನ್ನು ಕರೆಸಲು ದುಡ್ಡೂ ಇಲ್ಲ, ನಿವೃತ್ತಿಗೆ ನಾಲ್ಕು ವರ್ಷ ಇದೆ ಅನ್ನುವವರಿಗೆ ನಾನೇ ಸೋಲ್ ಹಾಕಿಸಿ ಅಂತ ಹೇಳಿದ್ದಿದೆ.

ಇ-ಗ್ರಂಥಾಲಯ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯದ್ದು. ನಾಲ್ಕನೇ ಆವೃತ್ತಿಯಿಂದ ಅದು ಎನ್‌ಐಸಿಯ ಕ್ಲೌಡ್‌ನಲ್ಲೇ ಕೂತಿರುತ್ತೆ. ನಿಮ್ಮಲ್ಲಿ ಸರ್ವರ್ ಬೇಡ, ಯುಪಿಎಸ್ ತಲೆನೋವಿಲ್ಲ, ಇಂಟರ್‌ನೆಟ್ ಇದ್ದರೆ ಸಾಕು. ಸರ್ಕಾರಿ ಲೈಬ್ರರಿಗಳಿಗೆಂದೇ ಮಾಡಿದ್ದು. ಬೇರೆ ಬೇರೆ ಲೈಬ್ರರಿಗಳನ್ನು ಒಂದು ಕ್ಲಸ್ಟರ್‌ಗೆ ಸೇರಿಸಿ ಎಲ್ಲರ ಪುಸ್ತಕವನ್ನೂ ಒಂದೇ ಕಡೆ ಹುಡುಕುವ ಸೌಲಭ್ಯ ಇದೆ. ಸರ್ಕಾರಿ ಪದವಿ ಕಾಲೇಜಿನವರಾದರೆ ನೀವು ಮೊದಲು ನೋಡಬೇಕಾದದ್ದು ಇದನ್ನೇ. ಎಚ್ಚರ ಒಂದೇ: ಇಂಟರ್‌ನೆಟ್ ಹೋದರೆ ಇಶ್ಯೂ-ರಿಟರ್ನ್ ನಿಲ್ಲುತ್ತೆ. ಮಳೆಗಾಲದಲ್ಲಿ ಮಲೆನಾಡಿನ ಕಡೆಯವರು ಇದನ್ನು ಎರಡು ಸಲ ಯೋಚಿಸಿ. ಇನ್ನು, ಸೇರಿದ ಮೊದಲ ತಿಂಗಳಲ್ಲೇ ಡೇಟಾವನ್ನು ಒಂದು ಸಲ ಎಕ್ಸ್‌ಪೋರ್ಟ್ ಮಾಡಿ, ತೆರೆದು ನೋಡಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಹೈದರಾಬಾದಿನ ನ್ಯೂಜೆನ್‌ಲಿಬ್ 2008ರಲ್ಲಿ ಓಪನ್ ಸೋರ್ಸ್ ಆಯಿತು. ಕೆಟ್ಟದ್ದಲ್ಲ. ಆದರೆ ಸಿಕ್ಕಿಹಾಕಿಕೊಂಡಾಗ ಫೋನ್ ಮಾಡಿ ಕೇಳಲು ಅಕ್ಕಪಕ್ಕದ ಊರಲ್ಲಿ ಇನ್ನೊಬ್ಬರು ಬೇಕಲ್ವಾ? ಕೋಹಾ ಬಳಸುವವರು ಸಿಕ್ಕಷ್ಟು ಸುಲಭವಾಗಿ ಅದರವರು ಸಿಗುವುದಿಲ್ಲ. ಎವರ್‌ಗ್ರೀನ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಅಮೆರಿಕದ ಜಾರ್ಜಿಯಾ ರಾಜ್ಯದ ನೂರಾರು ಲೈಬ್ರರಿಗಳನ್ನು ಒಂದಾಗಿಸಲು ಹುಟ್ಟಿದ್ದು. ಒಂದು ಕಾಲೇಜಿಗೆ ಅದು ಗುಬ್ಬಿಗೆ ಬ್ರಹ್ಮಾಸ್ತ್ರ.

ಕನ್ನಡ ಪುಸ್ತಕದಲ್ಲಿ ಪರೀಕ್ಷೆ

ಯಾವ ಸಾಫ್ಟ್‌ವೇರ್ ತೋರಿಸಲು ಬಂದರೂ ಇಂಗ್ಲಿಷ್ ಪುಸ್ತಕದಲ್ಲೇ ತೋರಿಸುತ್ತಾರೆ. ನೀವು "ಅರ್ಥಶಾಸ್ತ್ರ" ಅಂತ ಟೈಪ್ ಮಾಡಿ ಹುಡುಕಲು ಹೇಳಿ. ಅಲ್ಲಿ ಬಣ್ಣ ಬಯಲಾಗುತ್ತೆ.

ನಮ್ಮಲ್ಲಿ ಕೋಹಾ ಹಾಕಿದ ಮೊದಲ ವಾರ ಹೀಗೇ ಆಯಿತು. ಪುಸ್ತಕದ ಹೆಸರು ಪರದೆ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಹುಡುಕಿದರೆ ಸರಿಯಾಗಿ ಸಿಗುತ್ತಿರಲಿಲ್ಲ. ಕಾರಣ ಝೀಬ್ರಾ. ಕೋಹಾದೊಳಗೆ ಹುಡುಕುವ ಕೆಲಸ ಮಾಡುವ ಯಂತ್ರದ ಹೆಸರು ಅದು. ಅದಕ್ಕೆ ಅಕ್ಷರ ಓದುವ ಎರಡು ವಿಧಾನ ಇದೆ. ಹಳೆಯದು ಇಂಗ್ಲಿಷ್‌ನಂಥ ಲಿಪಿಗಳಿಗೆ ಸರಿ. ಒತ್ತು, ಕೊಂಬು, ದೀರ್ಘ ಇರುವ ನಮ್ಮ ಲಿಪಿಗೆ ಐಸಿಯು ಅನ್ನುವ ವಿಧಾನಕ್ಕೆ ಬದಲಾಯಿಸಿ, ಇಂಡೆಕ್ಸನ್ನು ಮೊದಲಿನಿಂದ ಕಟ್ಟಿಸಬೇಕು. ಹಾಕಿಕೊಡುವವರಿಗೆ "ಐಸಿಯು ಮಾಡಿದ್ದೀರಾ?" ಅಂತ ಕೇಳಿ. ತಡವರಿಸಿದರೆ ಅವರು ಕನ್ನಡ ಲೈಬ್ರರಿಗೆ ಕೋಹಾ ಹಾಕಿಲ್ಲ ಅಂತಲೇ ಲೆಕ್ಕ.

ಇನ್ನೊಂದು ಕಾಟ ನಾವೇ ಮಾಡಿಕೊಂಡದ್ದು. ಹಳೆಯ ಪಟ್ಟಿಗಳನ್ನು ನಾವೆಲ್ಲ ಹಳೆಯ ನುಡಿ ಫಾಂಟಿನಲ್ಲೋ ಬರಹದ ಫಾಂಟಿನಲ್ಲೋ ಟೈಪ್ ಮಾಡಿದ್ದೇವೆ. ಅದು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು-ಮೀಸೆ ಬಂದ ಹಾಗೆ ಕಾಣುತ್ತೆ. ಯೂನಿಕೋಡ್‌ಗೆ ತಿರುಗಿಸುವ ಸಲಕರಣೆಗಳಿವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಾರೆ ನೋಡಿ, ಜಾಸ್ತಿ ಎಡವಟ್ಟು ಆಗುವುದು ಅಲ್ಲೇ. "ಸೌಂದರ್ಯ" ಮತ್ತು "ಸೌಂದರ‍್ಯ" ನಮ್ಮ ಕಣ್ಣಿಗೆ ಒಂದೇ ಪದ. ಎರಡನೆಯದರ ನಡುವೆ ಕಾಣದ ಒಂದು ಜೋಡಣೆಯ ಗುರುತು ಕೂತಿರುವುದರಿಂದ ಡೇಟಾದಲ್ಲಿ ಅವು ಎರಡು ಬೇರೆ ಪದ. ಯಾವ ರೂಪ ಅಂತ ಮೊದಲೇ ತೀರ್ಮಾನಿಸಿ, ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿ. ಟೈಪ್ ಮಾಡುವವರು ಬದಲಾದರೂ ನಿಯಮ ಬದಲಾಗಬಾರದು.

ಕನ್ನಡ ಪುಸ್ತಕಗಳ ವಿವರ ವಿದೇಶದ ಲೈಬ್ರರಿಗಳಿಂದ ಸಿಕ್ಕರೂ ಹೆಚ್ಚಾಗಿ ರೋಮನ್ ಲಿಪಿಯಲ್ಲಿ ಬರುತ್ತೆ. ಅದನ್ನೇ ಹಾಗೆ ಇಟ್ಟುಕೊಂಡರೆ ನಮ್ಮ ಹುಡುಗರು ಯಾವತ್ತೂ ಹುಡುಕಿ ತೆಗೆಯಲಾರರು. ನಾವು ಮಾರ್ಕ್ ದಾಖಲೆಯಲ್ಲಿ ಪುಸ್ತಕದ ಹೆಸರಿಗಿರುವ 245ನೇ ಟ್ಯಾಗ್‌ನಲ್ಲಿ ಹೆಸರು ಕನ್ನಡದಲ್ಲೇ ಹಾಕುತ್ತೇವೆ, ರೋಮನ್ ರೂಪ 246ರಲ್ಲಿ. ಎರಡರಲ್ಲೂ ಸಿಗುತ್ತೆ. ಕೋಹಾದ ಪರದೆಗಳನ್ನೂ ಕನ್ನಡಕ್ಕೆ ತಿರುಗಿಸಬಹುದು. ಅನುವಾದ ಪೂರ್ತಿಯಾಗಿಲ್ಲ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಮುಯ್ಯಿ ತೀರಿಸಬೇಕು ಅನ್ನಿಸಿದವರು ಅಲ್ಲಿ ನಾಲ್ಕು ಸಾಲು ಅನುವಾದ ಮಾಡಿಕೊಡಬಹುದು.

ಕಲಿಯುವುದಾ, ಕರೆಸುವುದಾ?

ಕೋಹಾ ಅಂತ ತೀರ್ಮಾನಿಸಿದ ಮೇಲೆ ಮುಂದಿನ ಆಯ್ಕೆ ಇದು. ದಾರಿ ಮೂರಿದೆ.

ಒಂದು, ಹಾಕಿಕೊಡುವವರಿಗೆ ದುಡ್ಡು ಕೊಟ್ಟು ಮಾಡಿಸುವುದು. ಓಪನ್ ಸೋರ್ಸ್‌ಗೆ ದುಡ್ಡು ಕೇಳುತ್ತಾರಲ್ಲ ಅಂತ ಕೆಲವರು ಸಿಟ್ಟಾಗುತ್ತಾರೆ. ಕೇಳುವುದು ಕೆಲಸಕ್ಕೆ, ಸಾಫ್ಟ್‌ವೇರ್‌ಗಲ್ಲ. ಅದರಲ್ಲಿ ತಪ್ಪಿಲ್ಲ. ಆದರೆ ಸರ್ವರಿನ ಪೂರ್ತಿ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ನಿಮ್ಮ ಕೈಲಿರಬೇಕು. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಪಾಸ್‌ವರ್ಡ್ ಹಾಕಿದವನ ತಲೆಯಲ್ಲೇ ಉಳಿದು, ಅವನು ಬೇರೆ ಊರಿಗೆ ಹೋದ. ಮುಕ್ತ ಸಾಫ್ಟ್‌ವೇರ್ ಇಟ್ಟುಕೊಂಡೂ ಅವರ ಪಾಡು ನಮ್ಮ ಹಳೆಯ ಪಾಡೇ ಆಯಿತು. ಕೊನೆ ಕಂತು ಕೊಡುವ ಮುಂಚೆ ಪಾಸ್‌ವರ್ಡ್, ಒಂದು ಪೂರ್ತಿ ಡೇಟಾಬೇಸ್ ಪ್ರತಿ, ಅದನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸುವುದು, ಈ ಮೂರೂ ಬರೆಸಿಕೊಳ್ಳಿ.

ಎರಡು, ಎರಡು ದಿನದ ಕಾರ್ಯಾಗಾರ. ಸರ್ಟಿಫಿಕೇಟ್, ಬ್ಯಾಗು, ಊಟ ಎಲ್ಲ ಚೆನ್ನಾಗಿರುತ್ತೆ. ಅಲ್ಲಿ ಬೇರೆಯವರು ಸಿದ್ಧಮಾಡಿಟ್ಟ ಸರ್ವರಿನಲ್ಲಿ ಬಟನ್ ಒತ್ತಿ ಬರುತ್ತೇವೆ. ತಿಂಗಳು ಕಳೆದರೆ ಎಲ್ಲ ಮರೆತಿರುತ್ತೆ. ಹೋಗಬೇಡಿ ಅನ್ನುವುದಿಲ್ಲ. ಹೋಗುವ ಮುಂಚೆ ಮನೆಯಲ್ಲಿ ಒಂದು ಸಲ ಹಾಕಿ ಸೋತು ಹೋಗಿ. ಕೇಳಲು ಪ್ರಶ್ನೆ ಇರುತ್ತೆ.

ಮೂರು, ತಾವೇ ಕಲಿಯುವುದು. ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೇ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಮಾಡಿಕೊಡುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಉಬುಂಟು ಹಾಕಬಹುದು. ಏನು ಕೆಡಿಸಿದರೂ ಅಳಿಸಿ ಮತ್ತೆ ಶುರು ಮಾಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್, ಕೋಹಾ ಎರಡರ ಪಾಠಗಳೂ ಇವೆ, ದುಡ್ಡಿಲ್ಲ. ನನಗೆ ಸರಿಯಾಗಿ ನಿಲ್ಲಿಸಲು ಆರು ಸಲ ಬೇಕಾಯಿತು. ನಾಲ್ಕನೇ ಸಲ ಎಲ್ಲ ಸರಿಯಾಗಿ ಬಂದು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳದೆ ಮಲಗಿಬಿಟ್ಟಿದ್ದೆ.

ನನ್ನ ಅಭಿಪ್ರಾಯ ಕೇಳಿದರೆ, ಹಾಕುವುದನ್ನು ಬೇರೆಯವರಿಂದ ಮಾಡಿಸಿದರೂ ಪರವಾಗಿಲ್ಲ. ಬ್ಯಾಕಪ್ ತೆಗೆಯುವುದು, ತೆಗೆದದ್ದನ್ನು ಮತ್ತೆ ಹಾಕುವುದು, ಇವೆರಡನ್ನು ಮಾತ್ರ ನೀವೇ ಕಲಿಯಿರಿ. ಕೋಹಾ ತಾನಾಗಿ ದಿನಾ ಒಂದು ಬ್ಯಾಕಪ್ ತೆಗೆಯುತ್ತದೆ. ಅದನ್ನು ಅದೇ ಡಿಸ್ಕ್‌ನಲ್ಲಿ ಇಡುತ್ತೆ, ಎರಡು ದಿನದ್ದನ್ನು ಬಿಟ್ಟು ಹಳೆಯದನ್ನು ಅಳಿಸುತ್ತೆ. ಬ್ಯಾಕಪ್ ಇದೆಯಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಪರೀಕ್ಷೆ ಹತ್ತಿರ ಇದ್ದಾಗ ಡಿಸ್ಕೇ ಹೋಯಿತು. ಪೆನ್‌ಡ್ರೈವ್‌ನಲ್ಲಿದ್ದದ್ದು 19 ದಿನ ಹಳೆಯದು. ಆ 19 ದಿನದ ಇಶ್ಯೂ-ರಿಟರ್ನ್ ಉಳಿದದ್ದು ನಮ್ಮ ಅಟೆಂಡರ್ ಅಭ್ಯಾಸಬಲದಿಂದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರಿಂದ. "ಕಂಪ್ಯೂಟರ್ ಇರುವಾಗ ಇದ್ಯಾಕೆ?" ಅಂತ ಎಷ್ಟು ಸಲ ನಾನೇ ಅವರನ್ನು ಗದರಿದ್ದೆ.

ಡಿಜಿಟಲ್ ಲೈಬ್ರರಿ ಬೇರೆ ಸಂಗತಿ

ಪುಸ್ತಕದ ಪಟ್ಟಿ ಇಡುವುದು ಒಂದು ಕೆಲಸ. ಹಳೆಯ ಪ್ರಶ್ನೆಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಪ್ರಾಜೆಕ್ಟ್ ವರದಿಗಳನ್ನು ಸ್ಕ್ಯಾನ್ ಮಾಡಿ ಓದಲು ಕೊಡುವುದು ಇನ್ನೊಂದು. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಹುಡುಕಬೇಡಿ.

ಈ ಕೆಲಸಕ್ಕೆ ಎಲ್ಲರೂ ಹೇಳುವ ಹೆಸರು ಡಿಸ್ಪೇಸ್. ಎಂಐಟಿ ಲೈಬ್ರರಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ತಂದದ್ದು. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಸಂಗ್ರಹಿಸಿ ಇಟ್ಟಿರುವ ಶೋಧಗಂಗಾ ಇರುವುದು ಇದರ ಮೇಲೆಯೇ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ ಅನ್ನುವ ತರಬೇತಿ ಕೇಂದ್ರ, ಗ್ರಂಥಪಾಲಕರಿಗೆಂದೇ ಡಿಸ್ಪೇಸ್‌ನಲ್ಲಿ ಒಂದು ಡಿಜಿಟಲ್ ಲೈಬ್ರರಿ ಮಾಡಿತ್ತು. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಸಂಶೋಧನಾ ಲೇಖನಗಳಿಗೆ ಇಪ್ರಿಂಟ್ಸ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಆರಿಸಿಕೊಂಡಿತು. ವಿಶ್ವವಿದ್ಯಾಲಯಗಳಿಗೆ ಇವು ಸರಿ. ತಾಲ್ಲೂಕು ಕಾಲೇಜಿಗೆ? ಡಿಸ್ಪೇಸ್ ಏಳನೇ ಆವೃತ್ತಿಯಿಂದ ತುಂಬಾ ಭಾರವಾಗಿದೆ. ಅದರ ಒಳಗಿನ ಭಾಗಗಳೇ ನಾಲ್ಕೈದು, ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು. ಕೋಹಾ ಕಲಿತು ಎರಡು ವರ್ಷ ಆದ ಮೇಲೆ ಕೈ ಹಾಕಿ.

ಅಷ್ಟರವರೆಗೆ ಗ್ರೀನ್‌ಸ್ಟೋನ್ ನೋಡಬಹುದು. ಇದೂ ನ್ಯೂಜಿಲೆಂಡಿನದೇ, ವೈಕಾಟೊ ವಿಶ್ವವಿದ್ಯಾಲಯದ್ದು. ಲೈಬ್ರರಿಗಳ ವಿಷಯದಲ್ಲಿ ಆ ಪುಟ್ಟ ದೇಶ ನಮಗೆ ಕೊಟ್ಟದ್ದು ಕಡಿಮೆಯೇನಲ್ಲ. ವಿಂಡೋಸ್ ಮೇಲೂ ನಡೆಯುತ್ತೆ, ಫೈಲುಗಳನ್ನು ಎಳೆದು ಹಾಕಿ ವಿವರ ತುಂಬಿಸಿದರೆ ಸಂಗ್ರಹ ಸಿದ್ಧ. ನೋಡಲು ಹಳೇಕಾಲದ್ದು ಅನ್ನಿಸುತ್ತದೆ. ಇನ್ನೂರು ಪ್ರಶ್ನೆಪತ್ರಿಕೆಗೆ ಅಲಂಕಾರ ಯಾಕೆ?

ಏನು ಸ್ಕ್ಯಾನ್ ಮಾಡಬೇಕು ಅನ್ನುವುದರ ಮೇಲೆ ನಿಗಾ ಇರಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಇರುತ್ತದೆ. ಹುಡುಗರು ಕೇಳುತ್ತಾರೆ ಅಂತ ಪಠ್ಯಪುಸ್ತಕವನ್ನೇ ಪಿಡಿಎಫ್ ಮಾಡಿ ಹಾಕಿದರೆ ಉತ್ತರ ಹೇಳಬೇಕಾದವರು ನೀವು. ಕಾಲೇಜಿನದೇ ಆದ ಸಾಮಗ್ರಿಯಿಂದ ಶುರು ಮಾಡಿ. ಸ್ಕ್ಯಾನ್ ಆದ ಕನ್ನಡ ಪುಟಗಳನ್ನು ಟೆಸರಾಕ್ಟ್ ಅನ್ನುವ ಓಪನ್ ಸೋರ್ಸ್ ಸಲಕರಣೆ ಅಕ್ಷರವಾಗಿ ಓದುತ್ತದೆ. ಆಫ್‌ಸೆಟ್ ಮುದ್ರಣದ ಪುಟ ಪರವಾಗಿಲ್ಲ. ಅಚ್ಚುಮೊಳೆಯ ಕಾಲದ, ಮಸಿ ಹರಡಿದ ಪುಟಗಳಲ್ಲಿ ಒತ್ತಕ್ಷರಗಳನ್ನು ನುಂಗಿಹಾಕುತ್ತದೆ.

ಎರಡು-ಮೂರು ಸಾವಿರ ಪುಸ್ತಕ ಇದ್ದರೆ

ಪ್ರೌಢಶಾಲೆಯವರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದವರು ಕೂಡ ಕೇಳುತ್ತಾರೆ, ನಮಗೂ ಕೋಹಾ ಬೇಕಾ ಅಂತ. ಒಬ್ಬರೇ ಬಾಗಿಲು ತೆಗೆದು, ಪೇಪರ್ ಜೋಡಿಸಿ, ಮಕ್ಕಳನ್ನೂ ನೋಡಿಕೊಳ್ಳುವ ಕಡೆ ಸರ್ವರ್ ತಂದಿಟ್ಟರೆ ಅದನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಾಗುತ್ತೆ. ಬೇಡ. ಎಕ್ಸೆಲ್‌ನಂಥದ್ದೇ ಆದ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಒಂದು ಪಟ್ಟಿ ಮಾಡಿ. ಅಕ್ಸೆಷನ್ ನಂಬರ್, ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಬೆಲೆ, ಕಪಾಟಿನಲ್ಲಿ ಜಾಗ ತೋರಿಸುವ ಕಾಲ್ ನಂಬರ್, ಐಎಸ್‌ಬಿಎನ್, ಒಂದೊಂದಕ್ಕೂ ಒಂದೊಂದು ಕಾಲಂ. ಲೇಖಕರ ಹೆಸರನ್ನು ಒಂದು ಕಡೆ "ಡಾ." ಸೇರಿಸಿ, ಇನ್ನೊಂದು ಕಡೆ ಬಿಟ್ಟು ಬರೆಯಬೇಡಿ. ಎರಡು ಲೇಖಕರಿದ್ದರೆ ಎರಡು ಕಾಲಂ. ಖಾನೆಗಳನ್ನು ಮರ್ಜ್ ಮಾಡಬೇಡಿ, ಬಣ್ಣ ಬಳಿದು ಅರ್ಥ ಸೂಚಿಸಬೇಡಿ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಮುಂದೆ ಕೋಹಾಗೆ ಹೋಗಬೇಕು ಅನ್ನಿಸಿದ ದಿನ ಈ ಫೈಲನ್ನು ಮಾರ್ಕ್‌ಎಡಿಟ್ ಅನ್ನುವ ಉಚಿತ ಸಲಕರಣೆಯಿಂದ ಮಾರ್ಕ್ ರೂಪಕ್ಕೆ ತಿರುಗಿಸಿ, ಒಂದು ಮಧ್ಯಾಹ್ನದಲ್ಲಿ ಪೂರ್ತಿ ಒಳಗೆ ಹಾಕಬಹುದು. ನಾವು ಎರಡು ಬೇಸಿಗೆ ರಜೆ ಕೂತು ಟೈಪ್ ಮಾಡಿದ್ದೂ ಕ್ಯಾಲ್ಕ್‌ನಲ್ಲೇ.